ಮೊಗಲಪ್ಪ ಹುಟ್ಟಿದ್ದಕ್ಕೆ ಸಾಕ್ಷಿ

ಎಮ್ಮೆ ತಪ್ಪಿಸಿಕೊಳ್ಳದೆ ಹೋಗಿದ್ದರೆ ಮೊಗಲಪ್ಪನಿಗೆ ಈ ಗತಿ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಗಡಿಯಾಚೆ ಕಲ್ಹೇರ್ ಕಡೆಯ ಅವನ ಹಳ್ಳಿಗೆ ಆಧಾರ್ ಕಾರ್ಡಿನ ಮಿಷನ್ನು ಬಂದು ಎರಡು ದಿವಸ ಶಾಲೆಯೊಳಗೆ ಕೂತಿತ್ತು. ಊರೆಲ್ಲ ಹೋಗಿ ಬೆರಳು ಒತ್ತಿ ಬಂತು. ಮೊಗಲಪ್ಪ ಎರಡು ದಿವಸವೂ ಎಮ್ಮೆ ಹುಡುಕುತ್ತ ಹಳ್ಳದ ಆಚೆ ಇದ್ದ. ಮೂರನೆಯ ದಿವಸ ಎಮ್ಮೆ ತಾನೇ ಮನೆಗೆ ಬಂತು. ಮಿಷನ್ನು ಹೊರಟುಹೋಗಿತ್ತು. ಊರಿನ ಕೂಸಿಗೂ ನನ್ನ ಗುರುತಿದೆ, ಕಾರ್ಡು ಯಾಕೆ ಎಂದು ಅವನೂ ಸುಮ್ಮನಾದ.

ಈಗ ಅರವತ್ತೈದರ ಸುಮಾರು. ಮುಪ್ಪಿನ ಪಿಂಚಣಿಗೆ ಹೆಸರು ಬರೆಸಲು ಇವತ್ತೇ ಕಡೇ ದಿವಸ. ಐವತ್ತೇಳು ತುಂಬಿರಬೇಕು, ಕಾರ್ಡಿಗೆ ಅರ್ಜಿ ಕೊಟ್ಟ ರಸೀದಿಯಾದರೂ ಇರಬೇಕು. ಪಿಂಚಣಿ ಬಂದರೆ ತಂಬಾಕಿಗೆ ಮಗ ಶಿವಾಜಿಯ ಮುಂದೆ ಕೈ ಒಡ್ಡುವುದು ತಪ್ಪುತ್ತಿತ್ತು. ಬೇರೆ ಆಸೆ ಅವನಿಗಿರಲಿಲ್ಲ. ಆದರೆ ಅವನ ಹೆಸರು ಅಚ್ಚಾದ ಕಾಗದವೆಂದರೆ ಶಿವಾಜಿಯ ಲಗ್ನಪತ್ರಿಕೆ ಒಂದೇ.

"ಕಾಗಜ ಇಲ್ಲಂದ್ರ ಏನಾತೋ?" ಎಂದ ಕಿರಾಣಿ ಅಂಗಡಿಯ ಶಿವಶಂಕರಪ್ಪ. ಯಾರ ಕೆಲಸವಿದ್ದರೂ ತನ್ನ ಅಂಗಡಿ ಮುಚ್ಚಿ ಹೊರಡುವ ಮನುಷ್ಯ. "ನಿನ್ನ ಹೊಕ್ಕಳ ಕೊಯ್ದಾಕಿ ಇನ್ನಾ ಗಟ್ಟಿ ಅದಾಳ. ಅಮೃತಬಾಯಿಗಿಂತ ದೊಡ್ಡ ಕಾಗಜ ಯಾವುದದ?"

"ನಡೀತದೇನ್ರಿ ಸಾವ್ಕಾರ್ರ?"

"ನಾ ಇದೀನಿ, ನಡಿ."

ಸೂಲಗಿತ್ತಿ ಅಮೃತಬಾಯಿಗೆ ಎಂಬತ್ತೈದಾದರೂ ಆಗಿರಬೇಕು. ತಾಲೂಕಿನ ಊರಾದ ನಾರಾಯಣಖೇಡದ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಬೇಕೆಂದು ಹಟ ಹಿಡಿದು ಕೂತು, ಇಡೀ ಬಸ್ಸಿಗೆ ಕೇಳುವಂತೆ ಸಾಕ್ಷಿ ಹೇಳಲು ಶುರು ಮಾಡಿದಳು. "ಇಂವಾ ಕಾಲ ಮುಂದ ಮಾಡಿ ಬಂದಾಂವ. ಅಳಲೇ ಇಲ್ಲ. ತಲೆಕೆಳಗ ಹಿಡದು ಕುಂಡಿಗೆ ಎರಡು ಕೊಟ್ಟೆ, ಆಗ ಬಾಯಿ ಬಿಟ್ಟ."

ಜನರೆಲ್ಲ ತಿರುಗಿ ನೋಡಿದರು. ಮೊಗಲಪ್ಪ ಓದಲು ಬಾರದ ಟಿಕೀಟನ್ನು ಪುರಾಣದಂತೆ ಓದುತ್ತ ಕೂತ.

"ಈಗೂ ಹೊಡಿತೀಯೇನು ಆಯಿ?" ಎಂದ ಕಂಡಕ್ಟರ್.

"ಈಗ ಯಾಕ? ಹೊಡೀದೇನೇ ಅಳೋ ಹಂಗ ಕುಂತಾನಲ್ಲ."

ಕಚೇರಿಯಲ್ಲಿ ಆಧಾರ್ ಕಾರ್ಡಿನ ಕಿಟಕಿಗೆ ಮುಟ್ಟುವಾಗ ಮೂರು ಗಂಟೆ. ಒಳಗೆ ಕೂತಿದ್ದವನು ಸುಮನ್ ಎಂಬ ಮೆತ್ತನೆಯ ಗುಮಾಸ್ತ. ಲಗ್ನಪತ್ರಿಕೆ ನೋಡಿ, ಇದು ನಡೆಯಲ್ಲ ಎಂದ. ಶಿವಶಂಕರಪ್ಪ ಅಮೃತಬಾಯಿಯನ್ನು ಮುಂದೆ ನೂಕಿದ.

"ಇವರು ಹುಟ್ಟಿದ್ದು ನೀವು ನೋಡೀರೇನು?"

"ನೋಡೋದೇನು, ಇವನವ್ವಗಿಂತ ಮೊದಲ ಇವನ ಮಾರಿ ಕಂಡಾಕಿ ನಾನು."

ಸುಮನ್ ನಕ್ಕು ಬರೆದುಕೊಂಡ. ಮೊಗಲಪ್ಪ ಲಗ್ನಪತ್ರಿಕೆ ಮಡಚಿ ಜೇಬಿಗಿಟ್ಟ. ಅಷ್ಟರಲ್ಲಿ ಸುಮನ್ ಸಾಕ್ಷಿಯ ಕಾರ್ಡು ಕೇಳಿದ. ಕಾರ್ಡು ನೋಡಿದ, ಮುದುಕಿಯನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

"ಇದರಾಗ ವಯಸ್ಸು ಐವತ್ತೆಂಟು ಅಂತ ಬರದಾರಲ್ಲ ಆಯಿ?"

"ಹೌದಾ?" ಎಂದಳು ಅಮೃತಬಾಯಿ, ಬೇಜಾರೇನೂ ಇಲ್ಲದೆ. "ಮಿಷನ್ನಿನಂವ ವಯಸ್ಸು ಕೇಳಿದ. ನಿನ್ನ ಕಣ್ಣಿಗೆ ಎಷ್ಟು ಕಾಣ್ತದ ಅಷ್ಟು ಬರಕೋ ಅಂದೆ. ಹೋದ ವರ್ಷದಿಂದ ಪಿಂಚಣಿ ಬರಾಕತ್ತದ."

ಸುಮನ್ ಬೆರಳು ಮಡಚಿದ. "ಹದಿನೆಂಟು ತುಂಬದಾಕಿ ಹೆರಿಗಿ ಮಾಡಿಸ್ಯಾಳ ಅಂತ ಬರೆದ್ರ ಮ್ಯಾಲಿನವರು ನನ್ನ ಕೇಳ್ತಾರ. ಆಗ ಆಯಿಗೆ ಹದಿನೆಂಟೇ ಅಂತ ಹಿಡದ್ರೂ, ಮುತ್ಯಾ, ನಿಮಗ ನಲವತ್ತರ ಮ್ಯಾಲ ಬರಾಂಗಿಲ್ಲ."

"ನನ್ನ ಮಗಗ ನಲವತ್ಮೂರು ಅದಾವ್ರಿ" ಎಂದ ಮೊಗಲಪ್ಪ. ಸಾಕ್ಷಿಗೆಂದು ಶಿವಾಜಿಯ ಕಾರ್ಡನ್ನೇ ತೆಗೆದು ಮುಂದಿಟ್ಟ.

"ಚಲೋ ಆತು, ಮನಿ ವಿಳಾಸಕ್ಕ ಇದು ಬೇಕಾಗಿತ್ತು" ಎಂದು ಸುಮನ್ ಅದನ್ನೂ ಬರೆದುಕೊಂಡ. ವಯಸ್ಸು ನಲವತ್ತು, ಶಿವಾಜಿಯ ಅಪ್ಪ ಎಂದು ಒತ್ತಿದ. ಕಂಪ್ಯೂಟರ್ ಕೆಂಪಾಯಿತು. ಮತ್ತೆ ಒತ್ತಿದ, ಮತ್ತೆ ಕೆಂಪು. "ಮಗನಕಿಂತ ಅಪ್ಪ ಸಣ್ಣಾಂವ ಅಂದ್ರ ತಗೊಳ್ಳವಲ್ದು."

ಹಿಂದಿನ ಸಾಲು ಗೊಣಗುತ್ತಿತ್ತು. ಗಡಿಯಾರ ನಾಲ್ಕು ದಾಟಿತ್ತು. ಬ್ಯಾಡ ಬಿಡ್ರಿ ಸಾಹೇಬ್ರ, ಎಂದು ಮೊಗಲಪ್ಪ ಕೈ ಮುಗಿಯುವಷ್ಟರಲ್ಲಿ ಶಿವಶಂಕರಪ್ಪ ಕಿಟಕಿಯೊಳಗೆ ತಲೆ ತೂರಿಸಿದ.

"ಅಪ್ಪ ಅಂದ್ರ ತಾನೆ ತಕರಾರು? ತಮ್ಮ ಅಂತ ಹಾಕ್ರಿ. ಏನಂದ್ರೂ ಒಂದೇ ಮನಿ ತಾನೆ."

ಸುಮನ್ ಹಾಕಿದ. ಕಂಪ್ಯೂಟರ್ ಒಂದೇ ಏಟಿಗೆ ಒಪ್ಪಿತು. ರಸೀದಿ ಬಿಸಿ ರೊಟ್ಟಿಯಂತೆ ಹೊರಗೆ ಬಂತು.

ಪಿಂಚಣಿಯ ಕಿಟಕಿಯವನು ಅದನ್ನು ನೋಡಿ ವಾಪಸು ಕೊಟ್ಟ. ಇನ್ನೂ ಹದಿನೇಳು ವರ್ಷ ಬಿಟ್ಟು ಬರಬೇಕು.

"ಹದಿನೇಳು ಎಷ್ಟರ ಮಾತು" ಎಂದು ಅಮೃತಬಾಯಿ ಅವನ ಬೆನ್ನು ತಟ್ಟಿದಳು. "ಆಗೂ ನಾನೇ ಬರ್ತೀನಿ ಸಾಕ್ಷಿಗೆ."

ಸಂಜೆ ಮನೆಯಲ್ಲಿ ಶಿವಾಜಿ ರಸೀದಿ ಓದಿ ಹೇಳಿದ. ಮೊಗಲಪ್ಪ, ವಯಸ್ಸು ನಲವತ್ತು, ಶಿವಾಜಿಯ ತಮ್ಮ. ಮೊಗಲಪ್ಪನ ಹೆಂಡತಿ ದ್ರೌಪದಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತಿತು.

"ನಿನಗ ತಮ್ಮ ಅಂದ್ರ, ಇವರು ನನಗೇನಾದ್ರು?"

ಎಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

ಮೊಗಲಪ್ಪ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ದಿವಸವಿಡೀ ಚಿಂತೆಯಲ್ಲಿ ತಂಬಾಕಿನ ಚೀಲ ಖಾಲಿಯಾಗಿತ್ತು. ಕಡೆಗೆ ಎದ್ದು ಹೋಗಿ, ಬೇರೆ ಕಡೆ ನೋಡುತ್ತ ಕೈ ಒಡ್ಡಿದ.

ಶಿವಾಜಿ ಜೇಬಿನಿಂದ ಹತ್ತರ ನೋಟು ತೆಗೆದ.

"ತಗೋ ತಮ್ಮಾ."