ಮರಳ ದಿಬ್ಬದ ಡೇರೆ ಮತ್ತು ನಮ್ಮತ್ತೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಆಗುವುದಿಲ್ಲ. ಹಾಲಿಗೆ ಹೆಪ್ಪು ಹಾಕುವುದರಿಂದ ಹಿಡಿದು ಪರಊರಿಗೆ ಹೊರಡುವವರೆಗೆ ನಡುವೆ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಹೊಸಪೇಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷವಾಯಿತು, ಇಷ್ಟರಲ್ಲಿ ನೋಡಿದ್ದು ಕಡಿಮೆಯೇನಲ್ಲ. ಆದರೆ ಎಪ್ಪತ್ತಮೂರರ ನಮ್ಮತ್ತೆಯನ್ನು ಜೈಸಲ್ಮೇರದ ಮರಳ ದಿಬ್ಬಗಳ ನಡುವಿನ ಐಷಾರಾಮಿ ಡೇರೆಗೆ ಕರೆದುಕೊಂಡು ಹೋಗಲು ನಾವು ಒಂದು ವರ್ಷ ಪ್ಲಾನು ಹಾಕಿದೆವಲ್ಲ, ಅದರ ಮುಂದೆ ಉಳಿದದ್ದೆಲ್ಲ ಏನೂ ಅಲ್ಲ.

ನಾನು ಕಂಪ್ಲಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ನಮ್ಮ ಯಜಮಾನರದು ಕಾಲುವೆಯ ಮೇಲೆ ಕೆಲಸ. ಎಲ್ಲಿ ನೀರು ಬಿಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಏರಿ ಸೋರುತ್ತಿದೆ, ಅವರ ತಲೆಯಲ್ಲಿ ಯಾವಾಗಲೂ ಇದೇ ಹರಿಯುತ್ತಿರುತ್ತದೆ. ಅಂಥವರನ್ನು ಮರುಭೂಮಿಗೆ ಹೊರಡಿಸಬೇಕಾಗಿತ್ತು.

೧. ಡೇರೆಯೊಳಗಿನ ಮಂಚ

ನಮ್ಮ ಮಾವ ಲಾರಿ ಡ್ರೈವರಾಗಿದ್ದವರು. ಕಂಪ್ಲಿಯ ಗಿರಣಿಯಿಂದ ಅಕ್ಕಿ ಹೇರಿಕೊಂಡು ದೇಶವೆಲ್ಲ ತಿರುಗಿದವರು. ಮದುವೆಯಾದ ಹೊಸದರಲ್ಲಿ ಒಮ್ಮೆ ರಾಜಸ್ಥಾನಕ್ಕೆ ಹೋಗಿಬಂದು, ಊಟಕ್ಕೆ ಕೂತಾಗ ಅತ್ತೆಗೆ ಹೇಳಿದರಂತೆ: "ಜ್ವಾಳದ ಹಿಟ್ಟು ಸಾಣಿಸಿ ರಾಶಿ ಹಾಕಿದಂಗ ಐತಿ ನೋಡು ಆ ಮರಳು. ಗಾಳಿ ಬಂದ್ರ ಗುಡ್ಡಕ್ಕ ಗುಡ್ಡನ ಎದ್ದು ಬ್ಯಾರೆ ಕಡೆ ಹೋಗಿ ಕುಂದರತೈತಿ. ಮುಂದಿನ ಸಲ ನಿನ್ನ ಕ್ಯಾಬಿನ್ನಾಗ ಕುಂದರಿಸಿಕೊಂಡು ಹೋಗತೀನಿ."

ಮುಂದಿನ ಸಲ ಅತ್ತೆ ಬಸುರಿ. ಅದರ ಮುಂದಿನ ಸಲ ಬಾಣಂತಿ. ಆಮೇಲೆ ಲಾರಿಯ ದಾರಿ ಬದಲಾಯಿತು, ಆಮೇಲೆ ಮಾವನ ಸೊಂಟ ಹೋಯಿತು, ಎಂಟು ವರ್ಷದ ಕೆಳಗೆ ಮಾವನೇ ಹೋದರು.

ಈ ಮರಳಿನ ಮಾತು ಮಾತ್ರ ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಫೋನು ನೋಡುತ್ತಾ ಕೂತಿದ್ದಾಗ ಒಂದು ಜಾಹೀರಾತು ಬಂತು. ಹಳದಿ ಮರಳಿನ ದಿಬ್ಬಗಳು, ನಡುವೆ ಬಿಳಿ ಡೇರೆಗಳ ಸಾಲು. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ಮುಟ್ಟಬಾರದ ಕಡೆ ಬೆರಳು ತಾಗಿ ಚಿತ್ರ ಸರಿದು ಹೋಯಿತು. "ಎಲ್ಲಿ ಹೋತು? ವಾಪಸ್ ತಾ, ಜಲ್ದಿ ತಾ" ಅಂದರು. ಆ ದನಿಗೆ ನಾನು ಗಾಬರಿಯಾದೆ. ಚಿತ್ರ ಮತ್ತೆ ಹುಡುಕಿ ಕೊಟ್ಟೆ. ಆಗ ಇಡೀ ಕಥೆ ಹೊರಗೆ ಬಂತು. ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು, ನನ್ನದೂ ತುಂಬಿತು.

ಅಷ್ಟರಲ್ಲಿ ಡೇರೆಯ ಒಳಗಿನ ಚಿತ್ರ ಬಂತು. ಅತ್ತೆಯ ಹುಬ್ಬು ಗಂಟಾಯಿತು.

"ಡೇರೆದಾಗ ಮಂಚ ಐತಿ, ಮೆತ್ತನ ಗಾದಿ ಐತಿ, ಆಳೆತ್ತರದ ಕನ್ನಡಿ ಐತಿ! ನಿಮ್ಮ ಮಾವ ನೋಡಿದ್ರ, ಲಾರಿ ಕೆಳಗ ಗೋಣಿತಟ್ಟು ಹಾಸಿ ಮಲಗಿದ್ದೆ ಅಂತ ಹೇಳಿ ನನ್ನ ಅಳಿಸಿದ್ರು. ಅವತ್ತು ಹೋಳಿಗಿ ಬ್ಯಾರೆ ಮಾಡಿ ಹಾಕಿದ್ನೆಲ್ಲವಾ!"

೨. ಕ್ಯಾಂಪಿನವನ ಜೊತೆ ಮಾತು

ಮರುದಿನವೇ ಕ್ಯಾಂಪಿಗೆ ಫೋನು ಮಾಡಿದೆ. ಸ್ಪೀಕರ್ ಹಾಕು ಎಂದು ಅತ್ತೆಯ ಅಪ್ಪಣೆ. ನನ್ನ ಹಿಂದಿ ಪಾಠಪುಸ್ತಕದ್ದು, ಆ ಕಡೆಯವನದು ರೈಲಿನ ವೇಗದ್ದು.

"ಅಲ್ಲಿ ಹಾವು ಚೇಳು ಅದಾವೇನು ಕೇಳು" ಅಂದರು ಅತ್ತೆ.

ಕೇಳಿದೆ. "ಇಲ್ಲ ಮೇಡಂ, ಎಲ್ಲ ಲಕ್ಷುರಿ" ಅಂದ.

"ಇಷ್ಟು ಮಂದಿ ತುಳೀತಾರ, ಮರಳು ಎಷ್ಟು ದಿವಸಕ್ಕೊಮ್ಮೆ ಬದಲಿ ಮಾಡತಾರ ಕೇಳು."

ಇದನ್ನು ಕೇಳಲು ನನಗೆ ನಾಚಿಕೆ. ಆದರೆ ಅತ್ತೆ ಮೊಣಕೈಯಿಂದ ತಿವಿದರು, ಕೇಳಿದೆ. ಆತ "ಗಾಳಿ ದಿನಾ ಬದಲಿ ಮಾಡುತ್ತದೆ ಮೇಡಂ" ಅಂದ. ಅತ್ತೆಗೆ ಸಮಾಧಾನವಾಯಿತು. "ಮಸ್ತ್ ವ್ಯವಸ್ಥಾ ಐತಿ" ಅಂದರು.

ಅಲ್ಲಿಯವರೆಗೆ ಪೇಪರಿನ ಹಿಂದೆ ಕೂತಿದ್ದ ನಮ್ಮ ಯಜಮಾನರು ಬಾಯಿ ಬಿಟ್ಟರು. "ಸ್ನಾನಕ್ಕ ನೀರು?"

"ಬಿಸಿನೀರು ಯಾವಾಗಲೂ ಇರುತ್ತದೆ ಸರ್."

"ಎಲ್ಲಿಂದ ಬರತೈತಿ?"

"ಟ್ಯಾಂಕರ್ ಸರ್."

ಯಜಮಾನರು ಪೇಪರು ಮಡಿಸಿ ಎದ್ದರು. "ಟ್ಯಾಂಕರ್ ನೀರಿನ ಸುಖ ಅನುಭವಿಸಾಕ ಅಷ್ಟು ದೂರ ಯಾಕ ಹೋಗ್ತೀರಿ? ಬ್ಯಾಸಗಿ ಬರಲಿ ತಡೀರಿ. ನಮ್ಮ ಓಣಿಗೇ ಬರತೈತಿ."

ಸಂಡೂರಿನಲ್ಲಿರುವ ನಾದಿನಿಗೆ ಸುದ್ದಿ ಮುಟ್ಟಿ ಅವಳೂ ಫೋನು ಮಾಡಿದಳು. ಅವಳ ಮನೆ ಅದಿರು ಲಾರಿ ಓಡಾಡುವ ರಸ್ತೆಯ ಬದಿಗೇ ಇದೆ. "ಧೂಳಾಗ ಕುಂದರಾಕ ರಾಜಸ್ಥಾನ ಯಾಕವಾ? ನಮ್ಮ ಮಾಳಿಗಿ ಮ್ಯಾಲೆ ಡೇರೆ ಹಾಕಿ ಕೊಡತೀನಿ, ಬರ್ರಿ. ಅಲ್ಲಿ ಬರೀ ಹಳದಿ, ಇಲ್ಲಿ ಕೆಂಪು!"

೩. ರಜೆಯ ಕಾರಣ

ರಜೆ ಅರ್ಜಿಯಲ್ಲಿ ಕಾರಣ ಎಂಬಲ್ಲಿ ಪ್ರಾಮಾಣಿಕವಾಗಿ "ಮರುಭೂಮಿ ವೀಕ್ಷಣೆ" ಎಂದು ಬರೆದೆ. ನಮ್ಮ ಹೆಡ್‌ಮಾಸ್ಟರು ಎಮ್ಮಿಗನೂರಿನ ಗದ್ದೆ ಕೆಸರಿನಲ್ಲಿ ಬೆಳೆದವರು. ಅರ್ಜಿಯನ್ನು ಎರಡು ಸಲ ಓದಿದರು.

"ಮೇಡಂ, ಇಷ್ಟು ವರ್ಷ ಮಕ್ಕಳಿಗೆ ಮರುಭೂಮಿ ಪಾಠ ಮಾಡೀರಿ. ನೋಡೇ ಇಲ್ಲೇನು?"

"ಇಲ್ಲ ಸರ್. ಧ್ರುವ ಪ್ರದೇಶನೂ ನೋಡಿಲ್ಲ."

ಎರಡನೆಯದಕ್ಕೂ ರಜೆ ಕೇಳಬಹುದು ಎಂದು ಹೆದರಿದರೋ ಏನೋ, ತಕ್ಷಣ ಪೆನ್ನು ತೆಗೆದರು. "ಮರುಭೂಮಿ ಅಂದ್ರ ನೋಡಿದವರು ನಗತಾರ. ತೀರ್ಥಯಾತ್ರೆ ಅಂತ ಬರೀರಿ, ಯಾರೂ ಪ್ರಶ್ನೆ ಕೇಳಲ್ಲ."

ಹಾಗೆಯೇ ಬರೆದೆ. ಸಂಜೆಯೊಳಗೆ ಸ್ಟಾಫ್ ರೂಮಿನ ತುಂಬ ಸುದ್ದಿ. ಒಬ್ಬರು ಹರಕೆಯ ತೆಂಗಿನಕಾಯಿ ತಂದುಕೊಟ್ಟರು. ಇನ್ನೊಬ್ಬರು ಮಗನ ಹೆಸರು, ನಕ್ಷತ್ರ ಬರೆದುಕೊಟ್ಟರು. ಗಣಿತದ ಮೇಷ್ಟ್ರು ಮಾತ್ರ ವಿಚಾರ ಮಾಡಿ ಕೇಳಿದರು: "ದರ್ಶನಕ್ಕ ಎಷ್ಟು ಹೊತ್ತು ಪಾಳಿ ನಿಲ್ಲಬೇಕ್ರಿ ಅಲ್ಲಿ?"

"ಪಾಳಿ ಇಲ್ರಿ. ಜಾಗ ಭಾಳ ಐತಿ."

ಮೇಷ್ಟ್ರು ಕೊಡಲು ತಂದಿದ್ದ ಕಾಯಿಯನ್ನು ಮೆಲ್ಲಗೆ ಚೀಲಕ್ಕೆ ವಾಪಸು ಇಟ್ಟುಕೊಂಡರು. "ಪಾಳಿ ಇಲ್ಲ ಅಂದ್ರ ಅಂಥಾ ಶಕ್ತಿ ಇರೋ ದೇವರಲ್ಲ ಬಿಡ್ರಿ."

೪. ಬುಕ್ಕಸಾಗರದಲ್ಲಿ ತಾಲೀಮು

ಅತ್ತೆಗೆ ಮೊಣಕಾಲು ನೋವು. ಮರಳಿನಲ್ಲಿ ಕಾಲು ಹೂತರೆ ಏಳಲು ಆಗದಿದ್ದರೆ ಎಂಬ ಭಯ ಅವರಿಗೇ ಹುಟ್ಟಿತು. ನನ್ನ ತವರು ಹಂಪಿಯ ಮಗ್ಗುಲಿನ ಬುಕ್ಕಸಾಗರ. ಊರ ಪಕ್ಕದಲ್ಲೇ ಹೊಳೆ, ಹೊಳೆಯಲ್ಲಿ ಬೇಕಾದಷ್ಟು ಮರಳು. ಅಲ್ಲೇ ತಾಲೀಮು ಮಾಡೋಣ ಎಂದು ಕರೆದುಕೊಂಡು ಹೋದೆ.

ಅತ್ತೆ ಸೆರಗು ಸಿಗಿಸಿ, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯತೊಡಗಿದರು. ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ಬಂದಳು. "ಏನು ಕಳಕೊಂಡೀರವಾ?"

ಮರುಭೂಮಿಗೆ ಪ್ರಾಕ್ಟೀಸು ಎಂದು ಹೇಳಲು ಅತ್ತೆಗೆ ಸಂಕೋಚ. "ಏನಿಲ್ಲ ಬಿಡವಾ" ಎಂದು ಮತ್ತೆ ತಲೆ ತಗ್ಗಿಸಿದರು.

ಏನಿಲ್ಲ ಎಂದ ಮೇಲೆ ಅದು ಬಂಗಾರವೇ ಇರಬೇಕು ಎಂದು ಆಕೆ ತೀರ್ಮಾನಿಸಿದಳು. ಕೂಗಿ ಇನ್ನಿಬ್ಬರನ್ನು ಕರೆದಳು. ಭತ್ತದ ಗದ್ದೆಯಿಂದ ನಾಲ್ವರು ಬಂದರು. ದನ ಮೈತೊಳೆಯುತ್ತಿದ್ದವರು ದನ ಬಿಟ್ಟು ಬಂದರು. ಓಲೆಯಂತೆ, ಅಲ್ಲ ಬೆಂಡೋಲೆಯಂತೆ, ತವರಿನದಂತೆ ಎಂದು ಮಾತು ಬೆಳೆಯಿತು. ನಾನು "ಏನೂ ಕಳೆದಿಲ್ರೀ" ಎಂದು ಕೂಗಿದಷ್ಟೂ ಜನ ಹೆಚ್ಚಾದರು. ಒಬ್ಬ ಮನೆಗೆ ಓಡಿಹೋಗಿ ಜರಡಿಯನ್ನೇ ತಂದ.

ಅರ್ಧ ಗಂಟೆಯ ಮೇಲೆ "ಸಿಕ್ತು!" ಎಂದು ಒಬ್ಬಾಕೆ ಚೀರಿದಳು. ಕೈಯಲ್ಲಿ ಯಾರದೋ, ಯಾವ ಕಾಲದ್ದೋ ಒಂದು ಹಿತ್ತಾಳೆ ಓಲೆ. ಎಲ್ಲರೂ ಕುಣಿದರು. ಅತ್ತೆ ಆ ಖುಷಿ ಕೆಡಿಸಲಾರದೆ ಕೈಚಾಚಿ ತೆಗೆದುಕೊಂಡರು.

ಹೊರಟು ನಿಂತಾಗ ಆಕೆ ಅತ್ತೆಯ ಬೆನ್ನು ಸವರಿ ಸಮಾಧಾನ ಹೇಳಿದಳು: "ಅಳಬ್ಯಾಡ್ರಿ. ಇನ್ನೊಂದು ಕಿವೀದು ನಾಳೆ ಹುಡುಕೋಣಂತ."

೫. ಏಡಿ

ಡಿಸೆಂಬರಿನಲ್ಲಿ ಮೂರು ಟಿಕೀಟು ಬುಕ್ ಆದವು. ಹೊರಡುವ ದಿನ ಬೆಳಿಗ್ಗೆ ಯಜಮಾನರಿಗೆ ಫೋನು ಬಂತು. ಕಂಪ್ಲಿ ಕಡೆಯ ಒಂದು ಕಾಲುವೆ ಏರಿಯಲ್ಲಿ ಏಡಿಗಳು ತೂತು ಕೊರೆದು ನೀರು ಸೋರುತ್ತಿದೆ, ಕೆಳಗೆ ಕಟಾವಿಗೆ ಬಂದ ಭತ್ತ ನಿಂತಿದೆ. ಹೋಗದೆ ವಿಧಿಯಿಲ್ಲ. ಮರುಭೂಮಿಗೆ ಹೊರಟವರನ್ನು ಏಡಿ ತಡೆದು ನಿಲ್ಲಿಸಿದ್ದು ಪ್ರಪಂಚದಲ್ಲಿ ಬಹುಶಃ ನಮ್ಮೊಬ್ಬರನ್ನೇ.

ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಆಗಲೇ ಕಟ್ಟೆಯ ಮೇಲೆ ಕೂತಿದ್ದರು. ವಿಷಯ ಕೇಳಿ ಎದ್ದು ಒಳಗೆ ಬಂದರು. ಬುತ್ತಿಯ ಗಂಟು ಬಿಚ್ಚಿ, ಒಣಗಿಸಿದ ಕಟಕ ರೊಟ್ಟಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು.

"ಇರಲಿ ಬಿಡಪಾ. ಮುಂದಿನ ಸಲ ಹೋದ್ರಾತು" ಅಂದರು ಮಗನಿಗೆ. ಸಿಟ್ಟಿನಿಂದಲ್ಲ. ರೂಢಿಯಾದವರ ಹಾಗೆ.

ಬೂಟು ಹಾಕಿಕೊಳ್ಳುತ್ತಿದ್ದ ಯಜಮಾನರು ಒಂದು ಬೂಟಿನಲ್ಲೇ ಕೂತುಬಿಟ್ಟರು. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಅವರು ಇನ್ನೊಂದು ಬೂಟನ್ನೂ ಹಾಕಿಕೊಂಡು ಹೋದರು. ಮೂರನೆಯ ದಿನ ಕಾಲುವೆ ಮೇಲಿನಿಂದ ಫೋನು ಮಾಡಿದರು. "ಎರಡು ಟಿಕೀಟು ಮಾಡಿಸೀನಿ. ನೀನೂ ಅವ್ವನೂ ಹೋಗ್ರಿ. ನನ್ನ ಹಾದಿ ಕಾಯಬ್ಯಾಡ್ರಿ. ಕಾದ್ರ ಆಗೋದಿಲ್ಲ ಅದು." ದನಿ ಒಂದು ನಮೂನಿ ಇತ್ತು. ಏರಿಯ ಮೇಲೆ ಗಾಳಿ ಜಾಸ್ತಿ ಎಂದು ಆಮೇಲೆ ಹೇಳಿದರು.

ಹೊರಡುವ ದಿನ ನಮ್ಮನ್ನು ಕಳಿಸಲು ಸ್ಟೇಷನ್ನಿಗೆ ಬಂದ ಯಜಮಾನರು ಸುಮ್ಮನೆ ಬರಲಿಲ್ಲ. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು ನಮ್ಮ ಸೀಟಿನ ಕೆಳಗೆ ತುರುಕಿದರು. "ಆ ಟ್ಯಾಂಕರ್ ನೀರು ನಂಬಬ್ಯಾಡ್ರಿ." ಅದನ್ನು ಹೊತ್ತು ಇಳಿಯುವುದು ಹೇಗೆ? ಅತ್ತೆ ಲೋಟ ತೆಗೆದು ಬೋಗಿಯವರಿಗೆಲ್ಲ ಕರೆಕರೆದು ನೀರು ಕೊಟ್ಟರು. ಗದಗ ದಾಟುವಷ್ಟರಲ್ಲಿ ಜನ ನಮ್ಮ ಹತ್ತಿರ ಬಂದು, ಊಟ ಎಷ್ಟು ಹೊತ್ತಿಗೆ ಕೊಡುತ್ತೀರಿ ಎಂದು ಕೇಳತೊಡಗಿದ್ದರು.

೬. ದಿಬ್ಬದ ಮೇಲೆ

ಕ್ಯಾಂಪಿನಲ್ಲಿ ಪೇಟ ಸುತ್ತಿದವರು ಡೋಲು ಬಾರಿಸಿ, ತಿಲಕ ಇಟ್ಟು ಒಳಗೆ ಕರೆದುಕೊಂಡರು. ದಿಬ್ಬಕ್ಕೆ ಹೋಗಲು ಒಂಟೆ ತಂದು ನಿಲ್ಲಿಸಿದರು. ಅತ್ತೆ ಅದರ ಮೋರೆ ನೋಡಿ, "ಬ್ಯಾಡ. ಥೇಟ್ ನಮ್ಮ ಬೀಗರಂಗ ಐತಿ" ಎಂದು ಜೀಪು ಹತ್ತಿದರು.

ಬಿಸಿಲು ಇಳಿಯುವ ಹೊತ್ತು. ದಿಬ್ಬದ ಬುಡದಲ್ಲಿ ಚಪ್ಪಲಿ ಬಿಟ್ಟು, "ನೀ ಕೆಳಗ ನಿಂದರು, ನಾ ಒಬ್ಬಾಕಿನ ಹತ್ತತೀನಿ" ಅಂದರು. ಅಲ್ಲಲ್ಲಿ ಕೂತು, ದಣಿವಾರಿಸಿ, ಮೇಲೆ ಮುಟ್ಟಿದರು. ಸೆರಗು ಹೊದ್ದು ಕೂತರು. ನಾನು ಸ್ವಲ್ಪ ಕೆಳಗೆ ನಿಂತೆ. ಅವರು ಬಹಳ ಹೊತ್ತು, ಮರಳು ಎಲ್ಲಿ ಮುಗಿಯುತ್ತದೆ ಎಂದು ಹುಡುಕುವವರ ಹಾಗೆ ನೋಡುತ್ತಿದ್ದರು.

ಆಮೇಲೆ ಶುರುವಾಯಿತು. ಮನೆ ಮುಂದೆ ನಿಂತ ಲಾರಿಯ ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ಅದು.

"ಬಂದೆ ನೋಡ್ರಿ! ಐವತ್ತು ವರ್ಷ ಆತು. ಕರಕೊಂಡು ಬರತೀನಿ ಅಂದವರು ಬರಲಿಲ್ಲ. ನಾನ ಬಂದೆ. ಒಂದು ಮಾತು ಕೇಳದ ನನ್ನ ಎಮ್ಮಿ ಮಾರಿದ್ರಿ. ನನ್ನ ತಂಗಿ ಮದುವಿಗೆ ಲಾರಿ ಕೆಟ್ಟೈತಿ ಅಂತ ಬರಲಿಲ್ಲ. ಲಾರಿ ಕೆಟ್ಟಿರಲಿಲ್ಲ, ನನಗ ಗೊತ್ತೈತಿ! ಹೋಗೂ ಮುಂದ ಒಂದು ಮಾತರ ಹೇಳಿ ಹೋಗಬಾರದಾ? ಚಾ ಇಟ್ಟು ಬಂದೆ, ಅಷ್ಟರಾಗ ಹೋಗಿಬಿಟ್ರೆಲ್ಲ!"

ಕೈ ಮೇಲೆತ್ತಿ, ಒಮ್ಮೆ ಗದರಿ, ಒಮ್ಮೆ ಮೆತ್ತಗೆ, ಮಾತು ಹರಿಯುತ್ತಲೇ ಇತ್ತು. ಕಣ್ಣು ಒರೆಸಿಕೊಂಡು ಹಿಂದೆ ತಿರುಗುತ್ತೇನೆ, ಹದಿನೈದಿಪ್ಪತ್ತು ಜನ ಪ್ರವಾಸಿಗರು ಮರಳಿನ ಮೇಲೆ ಪದ್ಮಾಸನ ಹಾಕಿ ಸಾಲಾಗಿ ಕೂತಿದ್ದಾರೆ! ಹಣೆಯ ಮೇಲೆ ವಿಭೂತಿ, ಇಳಿಬಿಸಿಲು, ಏರುದನಿ. ದೊಡ್ಡ ಮಾತಾಜಿಯೊಬ್ಬರ ಪ್ರವಚನ ನಡೆದಿದೆ ಎಂದು ತಿಳಿದಿದ್ದರು. ಎಮ್ಮೆಯ ವಿಷಯ ಬಂದಾಗ ಒಬ್ಬರು ಕಣ್ಣು ಮುಚ್ಚಿ ತಲೆದೂಗಿದರು.

ಪಕ್ಕದಲ್ಲಿದ್ದ ಹೆಂಗಸು ಪಿಸುಗುಟ್ಟಿ ಕೇಳಿದಳು, ಮಾತಾಜಿ ಏನು ಹೇಳುತ್ತಿದ್ದಾರೆ? ಸುಳ್ಳು ಹೇಳಲು ನನ್ನ ಹಿಂದಿ ಸಾಲದು. ಇದ್ದದ್ದನ್ನೇ ಹೇಳಿದೆ: "ಕರೆದುಕೊಂಡು ಬರುತ್ತೇನೆ ಎಂದವರು ಬರಲಿಲ್ಲ, ನಾನೇ ಬಂದೆ ಅನ್ನುತ್ತಿದ್ದಾರೆ."

"ವಾಹ್!" ಅಂದಳು. ಸಾಲಿನ ಕೊನೆಯವರೆಗೂ ವಾಹ್ ಹೋಯಿತು. ಒಬ್ಬರು ಅದನ್ನು ಫೋನಿನಲ್ಲಿ ಬರೆದುಕೊಂಡರು.

ಅತ್ತೆ ಇಳಿದು ಬರುತ್ತಿದ್ದಂತೆ ಒಬ್ಬೊಬ್ಬರೇ ಕಾಲು ಮುಟ್ಟತೊಡಗಿದರು. ಆ ಹೆಂಗಸು ಕೈ ಜೋಡಿಸಿ ಏನೋ ಬೇಡಿಕೊಂಡಳು.

"ಏನಂತಾಳ ಈಕಿ?" ಅಂದರು ಅತ್ತೆ.

"ಮಗಳಿಗೆ ವರ ನೋಡಾಕ ಹತ್ಯಾರಂತ. ನೀವೊಂದು ಮಾತು ಹೇಳಬೇಕಂತ."

"ಲಾರಿ ಡ್ರೈವರಗ ಮಾತ್ರ ಕೊಡಬ್ಯಾಡ ಅಂತ ಹೇಳು."

ಹೇಳಿದೆ. ಪಾಪ, ಆಕೆ ಗಾಬರಿಯಾಗಿ, ಹುಡುಗ ಹಲ್ಲಿನ ಡಾಕ್ಟರ್ ಅಂದಳು. ಅತ್ತೆ ಎರಡು ಹೆಜ್ಜೆ ಮುಂದೆ ಹೋದವರು ನಿಂತರು. ಒಮ್ಮೆ ಹಿಂದಕ್ಕೆ ತಿರುಗಿ ದಿಬ್ಬವನ್ನು ನೋಡಿದರು.

"ಡಾಕ್ಟರನ ಸುದ್ದಿ ನನಗ ಗೊತ್ತಿಲ್ಲ. ಡ್ರೈವರಗ ಕೊಟ್ಟರೂ ನಡೀತೈತಿ ಅಂತ ಹೇಳವಾ. ಮನಿಗೆ ಬರೋದು ಕಮ್ಮಿ. ಆದ್ರ ಬಂದಾಗ ಭಾಳ ಚಂದ ಮಾತಾಡತಾರ."