ಎಂಟು ಹನ್ನೊಂದರ ಲೋಕಲ್ ಎಂಬ ಸವತಿ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹಾಗೆ ಹೇಳುವವರಿಗೆ ಸದ್ಯಕ್ಕೆ ಹೊಟ್ಟೆ ಉರಿಯುವಂಥದ್ದು ಏನೂ ಆಗಿಲ್ಲ ಎಂದಷ್ಟೇ ಅದರ ಅರ್ಥ. ನನ್ನ ಹೊಟ್ಟೆ ಮದುವೆಯಾದ ಮೂರನೇ ತಿಂಗಳಿನಿಂದ ಉರಿಯುತ್ತಲೇ ಇದೆ. ಏಕೆಂದರೆ ನನಗೊಬ್ಬಳು ಸವತಿ ಇದ್ದಾಳೆ. ಗಾಬರಿಯಾಗಬೇಡಿ, ನನ್ನ ಗಂಡ ಬಹಳ ಸಭ್ಯರು. ಲಿಫ್ಟಿನಲ್ಲಿ ಬಿಲ್ಡಿಂಗಿನ ಹೆಂಗಸರು ಯಾರಾದರೂ ಸಿಕ್ಕಿದರೆ ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಲ್ಲುವ ಜಾತಿ. ನನ್ನ ಸವತಿಯ ಹೆಸರು ಬೆಳಗ್ಗೆ ಎಂಟು ಹನ್ನೊಂದರ ಬೊರಿವಲಿ–ಚರ್ಚ್‌ಗೇಟ್ ಸ್ಲೋ ಲೋಕಲ್.

ಮೂವತ್ತೊಂದು ವರ್ಷ ಇವರು ಆ ಗಾಡಿಯಲ್ಲಿ ಚರ್ಚ್‌ಗೇಟ್ ಹತ್ತಿರದ ಒಂದು ಕಂಪನಿಯ ಗೋದಾಮಿಗೆ ಹೋಗಿಬಂದರು. ನನಗೆ ಹೆರಿಗೆ ನೋವು ಶುರುವಾದ ದಿನವೂ, "ಇನ್ನೂ ಹೊತ್ತು ಉಂಟಂತೆ" ಎಂದು ನರ್ಸ್ ಹೇಳಿದ್ದನ್ನು ನನಗೆ ತಿಳಿಸಿ, ಸ್ಟೇಷನ್ನಿಗೆ ಓಡಿದವರು. ಮಗಳು ರಶ್ಮಿ ಹುಟ್ಟಿದ ಸುದ್ದಿ ಮೊದಲು ಗಾಡಿಯವರಿಗೆ ಸಿಕ್ಕಿತೋ ಊರಿಗೆ ಹೋಯಿತೋ ಎಂದು ನನಗೆ ಈಗಲೂ ಅನುಮಾನ. ಆ ಗಾಡಿಯ ಸೆಕೆಂಡ್ ಕ್ಲಾಸಿನ ಒಂದು ಡಬ್ಬಿಯಲ್ಲಿ ಇವರದೊಂದು ಭಜನಾ ಮಂಡಳಿ ಇತ್ತು. ಮೂವರ ಸೀಟಿನಲ್ಲಿ ನಾಲ್ವರು ಕೂತು, ಇಬ್ಬರು ಎದುರು ನಿಂತು, ಬೊರಿವಲಿಯಲ್ಲಿ ಶುರುಮಾಡಿದ್ದನ್ನು ಚರ್ಚ್‌ಗೇಟಿನಲ್ಲಿ ಮಂಗಳಾರತಿಯೊಂದಿಗೆ ಮುಗಿಸುವ ಆರು ಗಂಡಸರು. ಇವರೂ ಮೂಲೆಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿರಬಹುದು ಎಂದು ನಾನು ಅಂದುಕೊಂಡಿದ್ದೆ.

ಯಾಕೆಂದರೆ ಮನೆಯಲ್ಲಿ ಇವರು ದಿನಕ್ಕೆ ಆಡುತ್ತಿದ್ದದ್ದು ಮೂರು ಮಾತು. ಊಟ ಆಯ್ತಾ, ಗ್ಯಾಸ್ ಬಂತಾ, ಲೈಟ್ ಆಫ್ ಮಾಡು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹೆಂಡತಿಯನ್ನು ಹಾಗೆ ಕರೆಯಬಾರದು ಎಂದು ಉಡುಪಿಯಲ್ಲಿದ್ದ ನನ್ನ ಅತ್ತೆ ಮಗನಿಗೆ ಕಲಿಸಿ ಕಳಿಸಿದ್ದರು. ಮಗ ಬೇರೇನು ಮರೆತರೂ ಅದೊಂದನ್ನು ಮರೆಯಲಿಲ್ಲ. ನಾನು ಬೇಕಾದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಕಾಫಿಯ ಕೆಮ್ಮು ಯಾವುದು, ನಿಜವಾದ ಶೀತದ ಕೆಮ್ಮು ಯಾವುದು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಸುಲೋಚನಾ ಎಂದು ನನ್ನ ತಂದೆ ಪ್ರೀತಿಯಿಂದ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲೇ ಉಳಿಯಿತು.

ಹೀಗಿರುವಾಗ, ನಿವೃತ್ತಿಗೆ ಇನ್ನು ಒಂದೇ ವರ್ಷ ಇದೆ ಎನ್ನುವಾಗ, ಒಂದು ಬೆಳಗ್ಗೆ ಇವರು ಶೂ ಲೇಸು ಕಟ್ಟಲು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯ ಮೊದಲ ವಾರ ನಾನು ದೇವರ ಜೊತೆ ಬಹಳ ಮಾತಾಡಿದೆ. ಮೊದಲು ಜೀವ ಉಳಿಸಪ್ಪಾ ಎಂದೆ. ಉಳಿಸಿದ. ಉಳಿಸಿದ ಕೂಡಲೇ ನನ್ನ ಆಸೆ ಬೆಳೆಯಿತು. ಇವರು ಒಂದೇ ಒಂದು ಸಲ ನನ್ನನ್ನು ಕರೆಯಲಿ, ಊರಿಗೆ ಬಂದು ಹೂವಿನ ಪೂಜೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ. ಇದನ್ನು ನಮ್ಮ ಎದುರು ಮನೆಯ ಜಲಜಕ್ಕನಿಗೆ ಹೇಳಿದರೆ ಅವರು, "ಆರೋಗ್ಯ ಇರುವಾಗ ಕರೀದವರು ಈಗ ಕರೀಲಿಕ್ಕೆ ಉಂಟಾ ಮಾರಾಯ್ತಿ? ದೇವರಿಗೂ ಒಂದು ಮಿತಿ ಉಂಟಲ್ಲ" ಎಂದರು. ಜಲಜಕ್ಕ ತುಂಬ ಒಳ್ಳೆಯವರು. ಪ್ರತಿ ಶನಿವಾರ ದೇವಸ್ಥಾನದಿಂದ ಎಣ್ಣೆ, ಕುಂಕುಮ ತಂದು ಇವರ ಹಣೆಗೆ ಹಚ್ಚುತ್ತಾರೆ. ಮಾತು ಮಾತ್ರ ಹೀಗೆ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಇವರಿಗೆ ಅ ಆ ಇ ಈ ಹೇಳಿಕೊಡಲು ಕೂತೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ರಶ್ಮಿಗೆ ಕನ್ನಡ ಕಲಿಸಲು ಹೋಗಿ ಸೋತ ಅನುಭವ ನನಗಿತ್ತು, ಆದರೆ ಅವಳು ಕನಿಷ್ಠ ಅಳುತ್ತಿದ್ದಳು. ಇವರು ಸುಮ್ಮನೆ ನನ್ನ ಬಾಯಿ ನೋಡುತ್ತಿದ್ದರು. ಎರಡು ತಿಂಗಳು ಕಳೆದರೂ ಒಂದು ಅಕ್ಷರ ಹೊರಡಲಿಲ್ಲ. ಆಗ ಒಂದು ಭಾನುವಾರ ಎಂಟು ಹನ್ನೊಂದರ ಐವರೂ ಒಟ್ಟಿಗೆ ಮನೆಗೆ ಬಂದರು. ಅವರ ಮುಖಂಡ ಪವಾರ್, ಕೋಣದಂಥ ಗಟ್ಟಿ ಆಳು, ಇವರನ್ನು ನೋಡಿ ಮಗುವಿನ ಹಾಗೆ ಅತ್ತರು. ಅತ್ತು ಮುಗಿದ ಮೇಲೆ ಏನು ಮಾಡುವುದೆಂದು ಯಾರಿಗೂ ತಿಳಿಯದೆ ಭಜನೆ ಶುರುಮಾಡಿದರು. ಎರಡನೇ ಸಾಲಿಗೆ ಹಾಸಿಗೆಯ ಕಡೆಯಿಂದ ಇನ್ನೊಂದು ಸ್ವರ ಕೇಳಿತು.

ನನ್ನ ಗಂಡ ಹಾಡುತ್ತಿದ್ದರು. ಮರಾಠಿಯಲ್ಲಿ! ಒಂದಕ್ಷರ ತೊದಲದೆ, ಮೇಲಿನ ಸ್ವರಕ್ಕೆ ಹೋಗಿ ಇಳಿದು, ಕಣ್ಣು ಮುಚ್ಚಿಕೊಂಡು. ಮಾತು ಹೋದವರಿಗೂ ಹಾಡು ಉಳಿದಿರುತ್ತದೆ, ಮಿದುಳಿನಲ್ಲಿ ಅದರ ಜಾಗ ಬೇರೆ ಎಂದು ಮಾತು ಕಲಿಸುವ ಡಾಕ್ಟರಮ್ಮ ಆಮೇಲೆ ವಿವರಿಸಿದರು. ಆ ಹೊತ್ತಿಗೆ ನನಗೆ ಖುಷಿಯಾಯಿತು, ಕಣ್ಣೀರೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣೀರು ಒರೆಸಿಕೊಳ್ಳುವ ಮೊದಲೇ ಪವಾರ್ ಒಂದು ಮಾತು ಹೇಳಿದರು: "ಭಾಭಿ, ಪೂರಾ ಡಬ್ಬಾ ಇನ್ ಕೀ ಆವಾಜ್ ಸುನ್ನೇ ಕೇ ಲಿಯೇ ಆತಾ ಥಾ." ಇಡೀ ಡಬ್ಬಿ ಇವರ ಸ್ವರ ಕೇಳಲು ಬರುತ್ತಿತ್ತಂತೆ! ಮಲಾಡಿನವರು, ಅಂಧೇರಿಯವರು, ಗುರುತು ಪರಿಚಯ ಇಲ್ಲದವರೆಲ್ಲ ಮೂವತ್ತೊಂದು ವರ್ಷ ಕೇಳಿದ ಸ್ವರವನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ಕೆಮ್ಮು.

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಭಜನೆ. ಬಲಗೈ ಆಡದ್ದರಿಂದ ತಾಳ ಹಿಡಿಯಲು ಆಗದು ಎಂದು ಅವರೆಲ್ಲ ಸೇರಿ ಇವರಿಗೆ ಚಿಪಳಿ ತಂದುಕೊಟ್ಟರು. ಒಂದೇ ಕೈಯಲ್ಲಿ ಹಿಡಿದು ಬಾರಿಸುವ, ಹಿತ್ತಾಳೆಯ ಬಿಲ್ಲೆ ಕೂಡಿಸಿದ ಎರಡು ಮರದ ತುಂಡು. ನಾನು ಅಡುಗೆಮನೆಯಲ್ಲಿ ಏಳು ಜನಕ್ಕೆ ಉಪ್ಪಿಟ್ಟು ತಿರುವುತ್ತಿದ್ದೆ. ಇವರ ಮುಖದಲ್ಲಿ ಕಳೆ ಬಂದಿದೆ ಎಂದು ಎಲ್ಲರೂ ಹೇಳುವವರೇ. ಜಲಜಕ್ಕ ಅದು ಶನಿವಾರದ ಎಣ್ಣೆಯ ಮಹಿಮೆ ಎಂದರು. ಪವಾರ್ ವಿಠ್ಠಲನ ಕೃಪೆ ಎಂದರು. ಡಾಕ್ಟರು ಮಾತ್ರೆ ಬದಲಿಸಿದ್ದು ಒಳ್ಳೆಯದಾಯಿತು ಎಂದರು. ದಿನಕ್ಕೆ ನಾಲ್ಕು ಸಲ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಕೈಕಾಲು ತಿಕ್ಕಿ ನನ್ನ ಸೊಂಟ ಬಿದ್ದುಹೋಗಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಅವರ ಮನೆಯಲ್ಲೂ ಇಂಥ ಭಜನಾ ಮಂಡಳಿ ಬಂದಿರಬೇಕು.

ಮಾತಿನ ಡಾಕ್ಟರಮ್ಮ ಒಂದು ದಿನ ಚಿತ್ರಗಳ ಕಾರ್ಡು ತಂದರು. ನನ್ನದೂ ಒಂದು ಫೋಟೋ ಕೇಳಿ ಇಸಕೊಂಡು ಅದರಲ್ಲಿ ಸೇರಿಸಿದರು. ಲೋಟ ತೋರಿಸಿದರು, ಇವರು ಸುಮ್ಮನಿದ್ದರು. ಹೂವು, ಸುಮ್ಮನಿದ್ದರು. ನನ್ನ ಫೋಟೋ ಬಂತು. ನಾನು ಸೆರಗು ಸರಿಮಾಡಿಕೊಂಡು ಎದುರಿಗೇ ನಿಂತೆ, ಫೋಟೋದಿಂದ ತಿಳಿಯದಿದ್ದರೆ ಅಸಲನ್ನು ನೋಡಿಯಾದರೂ ಹೇಳಲಿ ಎಂದು. ಇವರು ಫೋಟೋ ನೋಡಿದರು, ನನ್ನನ್ನು ನೋಡಿದರು, ನಕ್ಕರು, ಸುಮ್ಮನಾದರು. ಮುಂದಿನ ಕಾರ್ಡಿನಲ್ಲಿ ರೈಲಿನ ಚಿತ್ರವಿತ್ತು. "ಗಾಡಿ" ಎಂದರು ಸ್ಪಷ್ಟವಾಗಿ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಸಿಂಕಿನಲ್ಲಿದ್ದ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದೆ. ಫೋನಿನಲ್ಲಿ ರಶ್ಮಿಗೆ ಹೇಳಿದರೆ ಅವಳು ಅಂಧೇರಿಯ ಆಫೀಸಿನಲ್ಲಿ ಕೂತು ನಗಲು ಶುರುಮಾಡಿದಳು. "ಅಮ್ಮ, ನೀನು ಟ್ರೇನ್ ಮೇಲೆ ಜೆಲಸ್? ಸೀರಿಯಸ್ಲಿ?" ಅವಳಿಗೇನು ಗೊತ್ತು, ಅವಳ ಗಂಡ ದಿನಕ್ಕೆ ಹತ್ತು ಸಲ ಹೆಸರು ಕರೆಯುತ್ತಾನೆ.

ಇಷ್ಟರಲ್ಲಿ ಇನ್ನೊಂದು ಕಾಟ ಶುರುವಾಯಿತು. ಭಾನುವಾರವಲ್ಲದ ದಿನವೂ ಇವರು ಆ ಚಿಪಳಿಯನ್ನು ಎಡಗೈಯಲ್ಲಿ ಹಿಡಿದೇ ಇರುತ್ತಿದ್ದರು. ನಾನು ಕೋಣೆಯೊಳಗೆ ಕಾಲಿಟ್ಟರೆ ಸಾಕು, ಝಣ್ ಝಣ್. ಎರಡು ಸಲ ಬಾರಿಸಿ ನನ್ನ ಮುಖ ನೋಡುವುದು. ನೀರು ಬೇಕಾ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುವರು. ಬಾತ್‌ರೂಮಾ? ಅಲ್ಲ. ಫ್ಯಾನಾ? ಅಲ್ಲ. ಮತ್ತೆ ಝಣ್ ಝಣ್, ಮತ್ತೆ ನನ್ನ ಮುಖ. ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ನನಗೆ ಹೊಳೆಯಿತು. ಇವರು ಭಾನುವಾರ ಯಾವಾಗ ಎಂದು ಕೇಳುತ್ತಿದ್ದಾರೆ! ನನ್ನ ಮುಖ ನೋಡಿದರೆ ಅವರಿಗೆ ಕ್ಯಾಲೆಂಡರ್ ಕಂಡಂತೆ. ಆಮೇಲೆ ನಾನೂ ಬಿಗಿಯಾದೆ. ಝಣ್ ಝಣ್ ಎಂದರೆ, "ಇವತ್ತು ಮಂಗಳವಾರ" ಎನ್ನುತ್ತಿದ್ದೆ. ಇನ್ನೊಮ್ಮೆ ಬಾರಿಸಿದರೆ, "ಮಂಗಳವಾರವೇ. ನಿಮ್ಮ ಪವಾರ್ ಬರ್ಲಿಕ್ಕೆ ಇನ್ನೂ ಐದು ದಿನ ಉಂಟು" ಎಂದು ಹೇಳಿ ಹೊರಗೆ ಬರುತ್ತಿದ್ದೆ.

ಕೊನೆಗೆ ಒಂದು ಗುರುವಾರ ನಾನು ಮಾಡಬಾರದ್ದನ್ನು ಮಾಡಿದೆ. ಇವರು ನಿದ್ದೆಯಲ್ಲಿದ್ದಾಗ ಚಿಪಳಿಯನ್ನು ಮೆಲ್ಲನೆ ಕೈಯಿಂದ ಬಿಡಿಸಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಎದ್ದವರು ದಿಂಬಿನ ಕೆಳಗೆ ತಡಕಾಡಿದರು, ಚಾದರ ಕೊಡವಿದರು. "ಎಂಥ ಹುಡುಕ್ತೀರಿ?" ಎಂದು ನಾನೇ ಕೇಳಿದೆ, ಏನೂ ತಿಳಿಯದವಳ ಹಾಗೆ. ಕಾಯಿಲೆಯವರ ಕೈಯಿಂದ ಆಟಿಕೆ ಕಸಿದುಕೊಂಡವಳು ನಾನು. ಅಂದು ದೇವರ ಮುಂದೆ ದೀಪ ಹಚ್ಚಲು ಕೂಡ ನಾಚಿಕೆಯಾಯಿತು. ಆದರೂ ತೆಗೆದುಕೊಡಲಿಲ್ಲ. ಮರುದಿನ ಗಂಜಿ ತಂದಾಗ ಇವರ ಎಡಗೈಯ ಬೆರಳು ಚಾದರದ ಮೇಲೆ ಎರಡು ಸಲ ಬಿದ್ದದ್ದು ಕಂಡಿತು. ಸದ್ದಿರಲಿಲ್ಲ. ಕಣ್ಣು ಮಾತ್ರ ನನ್ನ ಮುಖದ ಮೇಲೆಯೇ ಇತ್ತು. "ಶುಕ್ರವಾರ" ಎಂದೆ. ಈ ಸಲ ನನ್ನ ಸ್ವರ ಅಷ್ಟು ಗಟ್ಟಿಯಾಗಿ ಬರಲಿಲ್ಲ.

ಭಾನುವಾರ ಪವಾರ್ ಬಂದು ಕೂತವರೇ, "ಭಾಭಿ, ಚಿಪಳ್ಯಾ ಕಿಧರ್?" ಎಂದರು. ಎಲ್ಲೋ ಬಿದ್ದಿರಬೇಕು ಎಂದೆ. ಕಳೆದುಹೋದರೆ ಒಳ್ಳೆಯದೇ ಆಯಿತು, ದಿನವಿಡೀ ಎರಡೆರಡು ಸಲ ಬಾರಿಸಿ ನೀವು ಯಾವಾಗ ಬರುತ್ತೀರಿ ಎಂದೇ ಕೇಳುತ್ತಾರೆ, ಎಂದು ನನ್ನ ಹರಕು ಹಿಂದಿಯಲ್ಲಿ ಸೇರಿಸಿದೆ. ಪವಾರ್ ಹುಬ್ಬೇರಿಸಿದರು. "ದೋ ಬಾರ್? ಆಪ್ ಕೋ ದೇಖ್ ಕೇ?" ಹೌದು, ಎರಡು ಸಲ, ನನ್ನ ಮುಖ ನೋಡಿಯೇ, ಎಂದೆ. ಅವರು ಉಳಿದ ನಾಲ್ವರ ಕಡೆ ತಿರುಗಿದರು. ಐವರೂ ನಗಲಿಲ್ಲ. ಅದೇ ನನಗೆ ಮೊದಲು ಭಯ ಹುಟ್ಟಿಸಿದ್ದು.

ಆಮೇಲೆ ಪವಾರ್ ವಿವರಿಸಿದರು. ಆ ಗದ್ದಲದ ಡಬ್ಬಿಯಲ್ಲಿ ಹೆಸರು ಹಿಡಿದು ಯಾರನ್ನು ಕರೆದರೆ ಯಾರಿಗೆ ಕೇಳೀತು? ಅದಕ್ಕೆ ಇವರೇ ಒಂದು ಪದ್ಧತಿ ಮಾಡಿದ್ದರಂತೆ. ಒಂದು ಸಾಲು ಹಾಡಿ ಮುಗಿಸಿ, ಯಾರ ಮುಖ ನೋಡಿ ಎರಡು ಸಲ ತಾಳ ಹಾಕುತ್ತಾರೋ ಮುಂದಿನ ಸಾಲು ಅವರದು. "ದೋ ಬಾರ್ ಬಜಾಯಾ, ಮತ್ಲಬ್ ಬುಲಾಯಾ, ಭಾಭಿ. ಆ ಜಾ, ಅಬ್ ತೇರೀ ಬಾರೀ." ಎರಡು ಸಲ ಬಾರಿಸಿದರೆ ಕರೆದ ಹಾಗೆ. ಬಾ, ಈಗ ನಿನ್ನ ಸರದಿ.

ನಾನು ಅಡುಗೆಮನೆಗೆ ಹೋದೆ. ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಚಿಪಳಿಯನ್ನು ತೆಗೆದೆ. ಒಂದು ತಿಂಗಳು ಇವರು ನನ್ನನ್ನು ಕರೆದಿದ್ದರು. ಬೆಳಗ್ಗೆ ಕರೆದಿದ್ದರು, ಸಂಜೆ ಕರೆದಿದ್ದರು, ನಾನು ಮಂಗಳವಾರ, ಬುಧವಾರ ಎಂದು ಉತ್ತರ ಕೊಟ್ಟಿದ್ದೆ. ಸೆರಗಿನಲ್ಲಿ ಚಿಪಳಿ ಒರೆಸಿ ಹೊರಗೆ ತಂದು ಎಡಗೈಯಲ್ಲಿ ಇಟ್ಟೆ. ಬಿಲ್ಲೆಗಳ ಸಂದಿಯಿಂದ ನಾಲ್ಕು ಅಕ್ಕಿಕಾಳು ಚಾದರದ ಮೇಲೆ ಉದುರಿದವು. ಇವರು ಅಕ್ಕಿಕಾಳು ನೋಡಿದರು, ನನ್ನನ್ನು ನೋಡಿದರು. ಕಳ್ಳಿ ಸಿಕ್ಕಿಬಿದ್ದಳು ಎಂದು ಇವರಿಗೆ ತಿಳಿಯಿತು ಎಂಬುದು ನನಗೂ ತಿಳಿಯಿತು. ಆಮೇಲೆ ರಾಮನಾಮದ ಒಂದು ಸಾಲು ಹಾಡಿ, ಝಣ್ ಝಣ್. ಐವರೂ ಅಭ್ಯಾಸಬಲದಿಂದ ಬಾಯಿ ತೆರೆದರು. ಇವರು ತಲೆ ಅಲ್ಲಾಡಿಸಿ ಅವರನ್ನು ತಡೆದು ನನ್ನ ಕಡೆಯೇ ನೋಡಿದರು.

ನನ್ನ ಸ್ವರದ ಬಗ್ಗೆ ಹೇಳುವುದಾದರೆ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಬಾಯಿ ಮಾತ್ರ ಆಡಿಸು ಎಂದು ಟೀಚರು ಹೇಳುತ್ತಿದ್ದರು. ಆದರೂ ಹಾಡಿದೆ. ಅರ್ಧಕ್ಕೆ ಸ್ವರ ಜಾರಿತು, ಅದು ಅಳುವೋ ಅಪಶ್ರುತಿಯೋ ಯಾರಿಗೂ ಗೊತ್ತಾಗಲಿಲ್ಲ. ಪವಾರ್ ಮರ್ಯಾದೆಗೆ ಕಣ್ಣು ಮುಚ್ಚಿಕೊಂಡರು. ಬಾಗಿಲಲ್ಲಿ ನಿಂತಿದ್ದ ಜಲಜಕ್ಕ, "ಹರಕೆ ತೀರಿಸ್ಲಿಕ್ಕೆ ಊರಿಗೆ ಹೋಗುವಾಗ ನನಗೂ ಒಂದು ಟಿಕೆಟ್ ಮಾಡು" ಎಂದರು.

ಈಗ ಇವರಿಗೆ ಹತ್ತಿಪ್ಪತ್ತು ಮಾತು ಬಂದಿವೆ. ನನ್ನ ಹೆಸರು ಅದರಲ್ಲಿಲ್ಲ, ನಾನು ಕೇಳುವುದನ್ನೂ ಬಿಟ್ಟಿದ್ದೇನೆ. ದಿನವಿಡೀ ಝಣ್ ಝಣ್ ಎಂದು ಕರೆಸಿಕೊಂಡು ಸಾಕಾಗಿದೆ. ಭಾನುವಾರ ಯಾವಾಗ ಬರುತ್ತದೆ ಎಂದು ಕಾಯುವವಳು ಈಗ ನಾನೇ. ಆ ಐವರು ಬಂದು ಎರಡು ಗಂಟೆ ಇವರನ್ನು ನೋಡಿಕೊಂಡರೆ ಉಪ್ಪಿಟ್ಟಾದರೂ ಸಮಾಧಾನದಿಂದ ಮಾಡಬಹುದು ಎಂದು. ಹಾಗಂತ ಹೇಳುತ್ತೇನೆ, ಅಷ್ಟೆ. ಮೊನ್ನೆ ಭಾನುವಾರ ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಹೊರಗೆ ಝಣ್ ಝಣ್ ಕೇಳಿತು. ಸೌಟು ಹಿಡಿದುಕೊಂಡೇ ಓಡಿಬಂದು ಇಣುಕಿದೆ. ಇವರು ಪವಾರರ ಮುಖ ನೋಡುತ್ತಿದ್ದರು. ಒಳಗೆ ಬಂದು ನೋಡಿದರೆ ಒಗ್ಗರಣೆ ಸೀದು ಕರಿಯಾಗಿತ್ತು. ಅದರಲ್ಲೇ ಉಪ್ಪಿಟ್ಟು ಮಾಡಿ, ತಳದ ಕರಿಯನ್ನೆಲ್ಲ ಕೆರೆದು ಪವಾರರ ತಟ್ಟೆಗೆ ಬಡಿಸಿದೆ.