ಪರದೆ ಕಪ್ಪಾಗುತ್ತದೆ ಎಂದು ನಾನು ಹೇಳಿದ್ದು

ತಡೀರಿ, ಪುಟ ತಿರುಗಿಸಬೇಡಿ. ಕೈಯಲ್ಲಿರುವ ಕಾಫಿ ಲೋಟವನ್ನು ಮೊದಲು ಕೆಳಗಿಡಿ, ಯಾಕೆಂದರೆ ನಾನು ಹೇಳಲಿರುವುದನ್ನು ಕೇಳಿದರೆ ಅದು ಮೈಮೇಲೆ ಚೆಲ್ಲುವುದು ಖಂಡಿತ. ವಿಷಯ ಇಷ್ಟು: ನನ್ನ ಅಭಿಪ್ರಾಯವನ್ನು ಒಬ್ಬ ಮನುಷ್ಯ ನಂಬಿಬಿಟ್ಟ. ನಂಬಿದ್ದಷ್ಟೇ ಅಲ್ಲ, ಅದರಂತೆ ನಡೆದುಕೊಂಡ! ಆ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಅಭಿಪ್ರಾಯ ಕೊಡುವುದು ನನಗೆ ಹೊಸದಲ್ಲ. ಪೇಪರಿನಲ್ಲಿ ಕಂಪ್ಯೂಟರ್ ಅನ್ನುವ ಪದ ಕಂಡರೆ ಸಾಕು, ಸಂಜೆ ತುಮಕೂರಿನ ಚಿಕ್ಕಪೇಟೆಯ ಟೀ ಅಂಗಡಿಯ ಮುಂದೆ ನಿಂತು ಆ ಬಗ್ಗೆ ನನ್ನ ಅಭಿಪ್ರಾಯ ಹೇಳಿಯೇ ಮನೆಗೆ ಹೋಗುವುದು. ಓದಿದ್ದು ಬಿ.ಕಾಂ., ಕೆಲಸ ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಹರಿಯುವುದು. ಕಂಪ್ಯೂಟರ್ ಕಲಿತದ್ದು ಮಾತ್ರ ನಾನೇ, ಕೆಡಿಸಿ ಕೆಡಿಸಿ. ಪೆನ್‌ಡ್ರೈವ್ ಬಂದಾಗ, "ಇಷ್ಟು ಸಣ್ಣದು ಜೇಬಲ್ಲೇ ಕಳ್ದೋಗುತ್ತೆ, ಫ್ಲಾಪಿಗೆ ಸಾವೇ ಇಲ್ಲ" ಎಂದಿದ್ದೆ. ಮೊಬೈಲಿಗೆ ಕ್ಯಾಮೆರಾ ಬಂದಾಗ, "ಫೋನಲ್ಲಿ ಫೋಟೋ ಯಾವನ್ ತೆಗೀತಾನೆ?" ಎಂದಿದ್ದೆ. ಮರುವರ್ಷ ನಮ್ಮಪ್ಪನೇ ಅಂಥದ್ದೊಂದು ತಂದು ಹಿತ್ತಲಿನ ತೆಂಗಿನ ಸಸಿಯನ್ನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದರು. ಇಷ್ಟೆಲ್ಲ ತಪ್ಪಿದರೂ ಯಾರಿಗೂ ನಷ್ಟವಾಗಿರಲಿಲ್ಲ. ಕಾರಣ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಒಂದು ಧೈರ್ಯದ ಮೇಲೇ ನಾನು ಇಷ್ಟು ವರ್ಷ ಮಾತಾಡಿಕೊಂಡು ಬಂದದ್ದು.

ನನ್ನ ಎಲ್ಲ ಅಭಿಪ್ರಾಯಗಳೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಒಂದೇ ಕಡೆ: ಲಿನಕ್ಸ್ ಹಾಕಿಕೊಳ್ಳಿ. ಇದು ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಅದೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದು, ತಿದ್ದಬಹುದು, ಪಕ್ಕದವನಿಗೆ ಕೊಡಬಹುದು, ಕಳ್ಳತನವೇ ಇಲ್ಲ. ಈ ಮಾತನ್ನು ನಾನು ಇವತ್ತಿಗೂ ಮನಸಾರೆ ನಂಬುತ್ತೇನೆ. ಆ ದಿನಗಳಲ್ಲಿ ಒಂದು ಅರ್ಜಿ ಹಾಕಿದರೆ ಸಾಕು, ಹೊರದೇಶದಿಂದ ಸಿಡಿಗಳು ಪುಕ್ಕಟೆ ಅಂಚೆಯಲ್ಲಿ ಬರುತ್ತಿದ್ದವು. ಒಂದು ಕೇಳಿದರೆ ಒಂದು ಕಟ್ಟು ಕಳಿಸುತ್ತಿದ್ದರು. ಹಂಚಲು ಜನ ಸಿಗದೆ ಮನೆಯಲ್ಲಿ ರಾಶಿ ಬಿದ್ದಾಗ ಅಮ್ಮ ಅವನ್ನು ದಾರಕ್ಕೆ ಪೋಣಿಸಿ ಪರಂಗಿ ಗಿಡಕ್ಕೆ ಕಟ್ಟಿದಳು. ಬಿಸಿಲಿಗೆ ಫಳಫಳ ಹೊಳೆದು ಗಿಳಿಗಳು ಹತ್ತಿರ ಬರುತ್ತಿರಲಿಲ್ಲ. "ಅಂತೂ ಒಂದ್ ಉಪ್ಯೋಗಕ್ಕೆ ಬಂತು ಕಣೋ ನಿನ್ ಲಿನಕ್ಸು" ಎಂದಳು.

ಇಂಥ ಹೊತ್ತಿನಲ್ಲಿ ಪೇಪರಿನಲ್ಲಿ ಆ ಸುದ್ದಿ ಬಂತು. ದುಡ್ಡು ಕೊಟ್ಟು ಕೊಳ್ಳಬೇಕಾದ ಮೂಲ ತಂತ್ರಾಂಶದ ಕಳ್ಳ ಕಾಪಿ ಹಾಕಿಕೊಂಡಿರುವ ಕಂಪ್ಯೂಟರುಗಳ ಪರದೆ ಇನ್ನು ಮುಂದೆ ಕಪ್ಪಾಗುತ್ತದೆಯಂತೆ! ನನಗೆ ಮೈ ಜುಮ್ಮೆಂದಿತು. ನಮ್ಮ ಬೀದಿಯಲ್ಲಿ ಕಾಸು ಕೊಟ್ಟು ತಂದ ಕಾಪಿ ಎಂಬುದನ್ನು ಕಣ್ಣಿಂದ ನೋಡಿದವರೇ ಇರಲಿಲ್ಲ. ತಲೆಬರಹ ಓದಿದವನೇ ಪೇಪರ್ ಮಡಚಿ ಟೀ ಅಂಗಡಿಗೆ ಓಡಿದೆ. ಸುದ್ದಿಯ ಉಳಿದ ಭಾಗ ಒಳಪುಟದಲ್ಲಿತ್ತು. ಒಳಪುಟ ಓದುವಷ್ಟು ತಾಳ್ಮೆಯಿದ್ದವರು ಅಭಿಪ್ರಾಯ ಕೊಡುವ ಕೆಲಸಕ್ಕೆ ಇಳಿಯುವುದಿಲ್ಲ.

"ಮುಗೀತು, ಎಲ್ಲಾ ಕಪ್ಪಾಗುತ್ತೆ! ಫೈಲು, ಫೋಟೋ, ಕಾರ್ಡು, ಎಲ್ಲಾ ಢಮಾರ್!" ಎಂದು ಸಾರಿದೆ.

ಎಂದಿನಂತೆ ಎಲ್ಲರೂ ನಕ್ಕರು. ಒಬ್ಬರು ನಗಲಿಲ್ಲ, ನಯಾಜ್ ಭಾಯ್. ಟೀ ಅಂಗಡಿಯ ಎದುರಿಗೇ ಅವರ ಮದುವೆ ಕಾರ್ಡಿನ ಅಂಗಡಿ. ಹಿಂದೂ ಮದುವೆ, ನಿಕಾ, ಗೃಹಪ್ರವೇಶ, ಯಾವುದೇ ಇರಲಿ, ಆ ಭಾಗದ ಅರ್ಧ ಊರಿನ ಶುಭಕಾರ್ಯ ಅವರ ಕಂಪ್ಯೂಟರಿನಿಂದಲೇ ಹೊರಡುವುದು. ಅವರು ಟೀ ಲೋಟ ಇಟ್ಟು ಬಂದು ನನ್ನ ತೋಳು ಹಿಡಿದರು.

"ಮಂಜು, ನಿಜ ಹೇಳಪ್ಪ. ಮದ್ವೆ ಸೀಜನ್ನು. ಕಪ್ಪಾದ್ರೆ ಗತಿ ಏನು?"

"ಲಿನಕ್ಸ್ ಹಾಕ್ಬಿಡೋಣ ಭಾಯ್."

"ಹಾಕ್ಬಿಡು."

ನಾನು ತಬ್ಬಿಬ್ಬಾದೆ. ಈ ಉತ್ತರಕ್ಕೆ ನನ್ನಲ್ಲಿ ಯಾವ ತಯಾರಿಯೂ ಇರಲಿಲ್ಲ. ಇಲ್ಲಿಯವರೆಗೆ "ಹೋಗಯ್ಯ, ಕೆಲ್ಸ ನೋಡು" ಎಂದೇ ಕೇಳಿದ್ದ ಕಿವಿಗೆ "ಹಾಕ್ಬಿಡು" ಎಂಬುದು ಬೇರೆ ಯಾವುದೋ ಭಾಷೆಯಂತೆ ಕೇಳಿಸಿತು. ಹಿಂದೆ ಸರಿಯುವ ಹಾಗಿರಲಿಲ್ಲ. ಅವರ ಹಳೆಯ ಫೈಲುಗಳನ್ನೆಲ್ಲ ಸಿಡಿಗೆ ತುಂಬಿಸಿಟ್ಟು, ಪರಂಗಿ ಗಿಡದಿಂದ ಒಂದು ಸಿಡಿ ಬಿಚ್ಚಿ ತಂದು, ಗಿಳಿಗಳನ್ನು ಹೆದರಿಸುವಾಗ ಕೂತ ಧೂಳು ಒರೆಸಿ, ಮಂಗಳವಾರ ಸಂಜೆ ನಯಾಜ್ ಭಾಯ್ ಅಂಗಡಿಗೆ ಸ್ವಾತಂತ್ರ್ಯ ತಂದುಕೊಟ್ಟೆ.

ಈಗ ನಿಮಗೆ ಒಂದು ಮಾತು ಹೇಳಲೇಬೇಕು. ಅದೇ ಅಂಗಡಿಯಲ್ಲಿ ಅದೇ ವಾರ ಅಚ್ಚಾಗಬೇಕಿದ್ದದ್ದು ನನ್ನ ಅಕ್ಕ ಜಯಶ್ರೀಯ ಮದುವೆ ಕಾರ್ಡು. ಗಂಡಿನ ಕಡೆಯವರು ಕುಣಿಗಲ್ಲಿನವರು. ನಮ್ಮಲ್ಲಿ ಮೊದಲ ಕಾರ್ಡನ್ನು ದೇವರಾಯನದುರ್ಗದ ಬೆಟ್ಟದ ಮೇಲೆ ದೇವರ ಪಾದಕ್ಕೆ ಇಡದೆ ಯಾರ ಮನೆಗೂ ಕರೆಯಲು ಹೋಗುವ ಹಾಗಿಲ್ಲ. ಅಪ್ಪ ಶನಿವಾರ ಬೆಟ್ಟ, ಭಾನುವಾರ ಕುಣಿಗಲ್ಲು ಎಂದು ಗೊತ್ತುಮಾಡಿದ್ದರು. ಭಾವನಾಗುವವರ ಸೋದರತ್ತೆ ಆಗಲೇ ಫೋನಿನಲ್ಲಿ, "ಹೆಣ್ಣಿನ್ ಕಡೆಯೋರು ಕಾರ್ಡ್ ಹಾಕ್ಸಕ್ಕೂ ಇನ್ನೂ ಮನ್ಸ್ ಮಾಡಿಲ್ವಾ?" ಎಂದು ಕೇಳಿದ್ದರು. ಅವತ್ತಿಂದ ಅಕ್ಕ ಸರಿಯಾಗಿ ಊಟ ಮಾಡಿರಲಿಲ್ಲ. ಭಾನುವಾರ ಕಾರ್ಡಿಲ್ಲದೆ ಹೋದರೆ ಆ ಸೋದರತ್ತೆಯ ಬಾಯಿಗೆ ಅವಳು ಜೀವನಪೂರ್ತಿ ಸಿಕ್ಕಿಕೊಳ್ಳುತ್ತಿದ್ದಳು.

ಬುಧವಾರ ನಯಾಜ್ ಭಾಯ್ ಹಳೆಯ ಕಾರ್ಡಿನ ಒಂದು ಫೈಲು ತೆರೆದರು. ಇವರ ಕೆಲಸ ನಡೆಯುವುದೇ ಹಾಗೆ: ಹಿಂದಿನ ಮದುವೆಯ ಕಾರ್ಡು ತೆರೆದು ಹೆಸರು ಬದಲಿಸುವುದು. ತೆರೆದ ಫೈಲು ನೋಡಿ ನಾನು ಹೌಹಾರಿದೆ. 'ಶ್ರೀ ಗಣೇಶಾಯ ನಮಃ' ಇರಬೇಕಾದ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಟೋಪಿ, ಕೊಂಬು ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತು ಯಾವುದೋ ದೇಶದ ಭಾಷೆಯಲ್ಲಿ ನಮ್ಮನ್ನು ಬೈಯುತ್ತಿದ್ದವು. ಅವರ ಕನ್ನಡ ಅಕ್ಷರಗಳು ಹಳೆಯ ವ್ಯವಸ್ಥೆಗೇ ಅಂಟಿಕೊಂಡಂಥವು, ಅದರ ಜೊತೆಗೇ ಹೊರಟುಹೋಗಿದ್ದವು. ಹೊಸದಾಗಿ ಟೈಪ್ ಮಾಡಿದರೆ ಕನ್ನಡವೇನೋ ಮೂಡಿತು. ಆದರೆ ಅಚ್ಚಿಗೆ ಕಳಿಸಿದಾಗ ಒತ್ತಕ್ಷರಗಳೆಲ್ಲ ತಾಯಿಯ ಸೊಂಟದಿಂದ ಇಳಿದ ಮಕ್ಕಳ ಹಾಗೆ ಪಕ್ಕಕ್ಕೆ ಸರಿದು ನಿಂತವು.

"ಇದೇನಪ್ಪಾ ಇದು?" ನಯಾಜ್ ಭಾಯ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೆದ್ರಬೇಡಿ ಭಾಯ್. ಇದರ ಹಿಂದೆ ಒಂದ್ ಸಮುದಾಯ ಇದೆ. ಪ್ರಪಂಚದ ತುಂಬಾ ಸಾವಿರಾರು ಜನ ನಮ್ಗೋಸ್ಕರ ಕೂತಿದಾರೆ. ಒಂದು ಮೇಲ್ ಹಾಕಿದ್ರೆ ಸರಿ ಮಾಡಿಕೊಡ್ತಾರೆ."

"ಪುಕ್ಕಟೆ?"

"ಪುಕ್ಕಟೆ."

"ಅಲ್ಲಾ ಅವ್ರನ್ನ ಚೆನ್ನಾಗಿಡ್ಲಿ" ಎಂದು ಅವರು ಮನಃಪೂರ್ವಕವಾಗಿ ಹೇಳಿದರು.

ನಾನು ಅಲ್ಲೇ ಕೂತು, ಅಂಗಡಿಯ ಮೇಲ್ ವಿಳಾಸದಿಂದ, ನಮ್ಮ ಅಕ್ಕನ ಮದುವೆ, ಬೆಟ್ಟದ ದೇವರು, ಕುಣಿಗಲ್ಲಿನ ಸೋದರತ್ತೆ ಎಲ್ಲವನ್ನೂ ಸೇರಿಸಿ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಮೇಲ್ ಬರೆದೆ. ಗುರುವಾರ ಬೆಳಿಗ್ಗೆಯೇ ಉತ್ತರ ಬಂದಿತ್ತು. ಎಷ್ಟು ಮರ್ಯಾದೆಯ ಜನ ಅಂತೀರಿ! ಮೊದಲು ಅಕ್ಕನಿಗೆ ಶುಭಾಶಯ ಹೇಳಿದ್ದರು. ಆಮೇಲೆ, ಕನ್ನಡದ ಕೆಲಸ ನೋಡಿಕೊಳ್ಳಲು ತಮ್ಮಲ್ಲಿ ಒಬ್ಬ ಉತ್ಸಾಹಿ ಸ್ವಯಂಸೇವಕರಿದ್ದಾರೆ, ನಿಮ್ಮ ಸಮಸ್ಯೆಯನ್ನು ಅವರಿಗೇ ವಹಿಸಿದ್ದೇವೆ, ಅವರು ಬೇಗ ಸರಿಪಡಿಸುತ್ತಾರೆಂಬ ಭರವಸೆ ನಮಗಿದೆ ಎಂದು ಬರೆದು, ಆ ವ್ಯಕ್ತಿಯ ಮೇಲ್ ವಿಳಾಸ ಕೊಟ್ಟಿದ್ದರು.

ವಿಳಾಸ ಓದಿದೆ. ಮತ್ತೊಮ್ಮೆ ಓದಿದೆ.

ನಯಾಜ್ ಭಾಯ್ ಹೆಗಲ ಹಿಂದೆ ನಿಂತಿದ್ದರು. "ಏನಂದ್ರು ಆ ಸಾವಿರಾರು ಜನ?"

"ಒಬ್ರಿಗೆ ಹೇಳಿದಾರೆ ಭಾಯ್."

"ಒಬ್ರಾದ್ರೂ ಸಾಕು. ಒಳ್ಳೆ ಜನಾನಾ? ಕೆಲ್ಸ ಗೊತ್ತಾ ಅವ್ರಿಗೆ?"

"ಅಷ್ಟೇನ್ ಗೊತ್ತಿಲ್ಲ."

"ನಿಂಗೆ ಪರಿಚಯಾನಾ?"

"ನಾನೇ ಭಾಯ್."

ಹಿಂದೆ ಯಾವಾಗಲೋ ಅವರ ವೆಬ್‌ಸೈಟಿನಲ್ಲಿ 'ನಿಮ್ಮ ಭಾಷೆಗೆ ನೆರವಾಗುವಿರಾ?' ಎಂದು ಕೇಳಿದ್ದ ಕಡೆ ಒಂದು ಟಿಕ್ ಹಾಕಿದ್ದೆ. ಹೆಸರು ಕಾಣುತ್ತದಲ್ಲ ಎಂಬ ಆಸೆ. ಇಡೀ ಕನ್ನಡ ನಾಡಿನಿಂದ ಅಲ್ಲಿ ಟಿಕ್ ಹಾಕಿದವನು ನಾನೊಬ್ಬನೇ ಎಂದು ನನಗೇನು ಗೊತ್ತು? ಸಮುದಾಯ ಸಮುದಾಯ ಎಂದು ಊರೆಲ್ಲ ಸಾರಿಕೊಂಡು ತಿರುಗಿದ್ದೆನಲ್ಲ, ಆ ಸಮುದಾಯ ಚಪ್ಪಲಿ ಹಾಕಿಕೊಂಡು ನಯಾಜ್ ಭಾಯ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೆವರುತ್ತಿತ್ತು.

ಹಳೆಯ ಕಳ್ಳ ಕಾಪಿಯನ್ನೇ ಮತ್ತೆ ಹಾಕೋಣವೆಂದರೆ ಅದು ಕಪ್ಪಾಗುತ್ತದೆಂದು ಸಾರಿದವನೇ ನಾನು. ಬೇರೆ ಅಂಗಡಿಗೆ ಓಡಿದೆ. ಅಲ್ಲಿ ಇನ್ನೊಂದು ಆಘಾತ. ಟೀ ಅಂಗಡಿಯಲ್ಲಿ ನಕ್ಕವರೆಲ್ಲ, ನಯಾಜ್ ಭಾಯ್ ನಂಬಿದ್ದು ನೋಡಿ ತಾವೂ ನಂಬಿಬಿಟ್ಟಿದ್ದರು! ಬೀದಿಯ ಉದ್ದಕ್ಕೂ ಕಾರ್ಡಿನ ಅಂಗಡಿಯವರು ಕಂಪ್ಯೂಟರಿನ ವೈರ್ ಕಿತ್ತು, ಮೇಲೆ ಬೆಡ್‌ಶೀಟ್ ಹೊದಿಸಿ ಕೂತಿದ್ದರು. "ಆನ್ ಮಾಡಲ್ಲ ಕಣಪ್ಪಾ, ಕಪ್ಪಾಗ್ಬುಡುತ್ತೆ. ನೀನೇ ಅಲ್ವಾ ಹೇಳಿದ್ದು?" ಎಂದು ನನಗೇ ಹೇಳಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಮಾತಿಗೆ ಊರಲ್ಲಿ ಬೆಲೆ ಬಂದಿತ್ತು. ಅದನ್ನು ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮನೆಯಲ್ಲಿ ಅಪ್ಪ ಕೇಳಿದರು, "ಏನ್ಲಾ, ಕಾರ್ಡ್ ಎಲ್ಲಿಗೆ ಬಂತು?"

"ನಾಳೆ ಸಿಗುತ್ತಪ್ಪಾ."

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನ ಅಭಿಪ್ರಾಯ ಇನ್ನೂ ತಲುಪಿರದ ಹತ್ತಿರದ ಊರೆಂದರೆ ಗುಬ್ಬಿ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ನಯಾಜ್ ಭಾಯ್ ತಾವೂ ಬಂದರು. ಇನ್ನೂ ಅಚ್ಚಾಗದ ಕೆಂಪು ಕಾರ್ಡಿನ ಕಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತರು. ಅರ್ಧ ದಾರಿ ಆದ ಮೇಲೆ ಒಂದೇ ಮಾತು ಆಡಿದರು: "ನಮ್ ಅಂಗ್ಡಿ ಕಾರ್ಡು, ಗುಬ್ಬೀಲಿ ಅಚ್ಚು. ಕ್ಯಾ ಜಮಾನಾ!"

ಗುಬ್ಬಿಯ ಪ್ರೆಸ್ಸಿನವರು ಚನ್ನಬಸಣ್ಣ ಎಂಬ ಹಿರಿಯರು. ಒಳಗೆ ಕಾಲಿಟ್ಟವನೇ ನಾನು ಕಿರುಚಿದೆ. ಅವರ ಪರದೆ ಕಾಡಿಗೆಯಂತೆ ಕಪ್ಪಾಗಿತ್ತು! "ಹೋಯ್ತು ಭಾಯ್, ಇಲ್ಲೂ ಹೋಯ್ತು!"

"ಯಾಕ್ ಸಾಮಿ ಹಂಗ್ ಬಡ್ಕೋತೀರಾ?" ಎಂದರು ಚನ್ನಬಸಣ್ಣ, ಎಲೆಗೆ ಸುಣ್ಣ ಸವರುತ್ತ.

"ಪರದೆ ಕಪ್ಪಾಗಿದೆಯಲ್ರೀ!"

"ಓ, ಅದಾ? ಅದು ಹಿಂದ್ಗಡೆ ಚಿತ್ರ ಇರ್ತದಲ್ಲ, ಅಷ್ಟೇ ಕಪ್ಪಾಗೋದು. ಇಲ್ಲಿ ಸೀನರಿ ಇತ್ತು, ಹೊಂಟೋಯ್ತು. ಮತ್ತೆ ಹಾಕ್ಕಂಡ್ರೆ ಬತ್ತದೆ, ಗಂಟೆ ಬುಟ್ಕಂಡು ಮತ್ತೆ ಕಪ್ಪಾಯ್ತದೆ. ಸೀನರಿ ಇಲ್ದಿದ್ರೆ ಕಾರ್ಡ್ ಅಚ್ಚಾಗಲ್ವಾ? ಬುಡಿ, ಮ್ಯಾಟ್ರು ಕೊಡಿ ಇತ್ತ."

ಅವರು ಒಂದು ಗುಂಡಿ ಒತ್ತಿದರು. ಕಪ್ಪಿನ ಮೇಲೆ ಬೆಳ್ಳಗೆ ಪುಟ ತೆರೆಯಿತು. 'ಶ್ರೀ ಗಣೇಶಾಯ ನಮಃ' ಎಂದು ಕನ್ನಡ ಗುಂಡಗೆ, ದುಂಡಗೆ, ಒತ್ತಕ್ಷರ ಸಮೇತ ಬಂದು ಕೂತಿತು.

ನಯಾಜ್ ಭಾಯ್ ನಿಧಾನವಾಗಿ ಪೂರ್ತಿ ನನ್ನ ಕಡೆ ತಿರುಗಿದರು. "ಸೀನರಿ" ಎಂದರು. "ಸೀನರಿಗೋಸ್ಕರ ನನ್ ಅಂಗ್ಡಿ ಪೂರ್ತಿ ತೊಳ್ದುಬಿಟ್ಯಲ್ಲೋ, ಯಾರ್!"

ಶನಿವಾರ ಬೆಟ್ಟದ ಮೇಲೆ ಅರ್ಚಕರು ಕಾರ್ಡಿಗೆ ಕುಂಕುಮ ಹಚ್ಚಿ ದೇವರ ಪಾದಕ್ಕಿಟ್ಟರು. ಅಕ್ಕ ಪ್ರಸಾದದ ಪುಳಿಯೋಗರೆಯನ್ನು ಎರಡನೇ ಸಲ ಹಾಕಿಸಿಕೊಂಡಳು. ಭಾನುವಾರ ಕುಣಿಗಲ್ಲಿನಲ್ಲಿ ಸೋದರತ್ತೆ ಕಾರ್ಡನ್ನು ಎರಡು ಸಲ ಓದಿದರು. ತಪ್ಪು ಸಿಗದೆ ಕೊನೆಗೆ ತಳದಲ್ಲಿದ್ದ ಪ್ರೆಸ್ಸಿನ ಹೆಸರಿಗೆ ಬೆರಳಿಟ್ಟರು. "ಗುಬ್ಬೀಲಿ ಹಾಕ್ಸಿದೀರಾ? ತುಮ್ಕೂರಲ್ಲಿ ಪ್ರೆಸ್ ಇರ್ಲಿಲ್ವಾ?"

ಅಪ್ಪ ನನ್ನ ಕಡೆ ನೋಡಿ ಹೇಳಿದರು, "ಇದ್ವು ಕಣಮ್ಮ. ನಮ್ ಹುಡ್ಗ ಎಲ್ಲಾ ಮುಚ್ಚುಸ್ಬುಟ್ಟ."

ಅಕ್ಕ ಫಕ್ಕನೆ ನಕ್ಕಳು. ಅವಳು ನಕ್ಕಿದ್ದು ಕಂಡು ಭಾವನೂ ನಕ್ಕರು. ಸೋದರತ್ತೆಗೆ ನಗು ಬರಲಿಲ್ಲ, ಆದರೆ ಕಾರ್ಡನ್ನು ದೇವರ ಮುಂದೆ ಇಟ್ಟು ಬಂದರು.

ಸೋಮವಾರ ನನ್ನ ಪ್ರಾಯಶ್ಚಿತ್ತ. ಕಳ್ಳ ಕಾಪಿಯೆಂದರೆ ಮೂಗು ಮುರಿಯುವ ನಾನು, ಪೆನ್ನಿನಲ್ಲಿ ಹೆಸರು ಬರೆದಿದ್ದ ಅವರ ಹಳೆಯ ಕಳ್ಳ ಸಿಡಿಯನ್ನು ನನ್ನ ಕೈಯಾರೆ ನಯಾಜ್ ಭಾಯ್ ಕಂಪ್ಯೂಟರಿಗೆ ಹಾಕಿಕೊಟ್ಟೆ. ಹಳೆಯ ಫೈಲುಗಳೆಲ್ಲ ಕನ್ನಡಕ್ಕೆ ಮರಳಿದವು. ಸ್ವಲ್ಪ ದಿನಕ್ಕೆ ಅವರ ಸೀನರಿಯೂ ಕಪ್ಪಾಗತೊಡಗಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಪರದೆ ಕಪ್ಪಾದಾಗಲೆಲ್ಲ ಅಂಗಡಿಯಿಂದಲೇ ಎದುರಿನ ಟೀ ಅಂಗಡಿಗೆ, "ಕಪ್ಪಾಯ್ತು, ಚಾ ಕೊಡ್ರಪ್ಪ!" ಎಂದು ಕೂಗುತ್ತಾರೆ. ಬೀದಿಗೆಲ್ಲ ಈಗ ಅದೇ ಗಂಟೆ.

ನಾನು ಸುಮ್ಮನೆ ಕೂತಿಲ್ಲ. ಆ ಒತ್ತಕ್ಷರಗಳನ್ನು ತಾಯಿಯ ಸೊಂಟಕ್ಕೆ ಮತ್ತೆ ಏರಿಸುವುದು ಹೇಗೆಂದು ಕಲಿಯುತ್ತಿದ್ದೇನೆ. ಮೊನ್ನೆ ಒಂದು ಅರ್ಧ ಏರಿತು, ಆಮೇಲೆ ಜಾರಿತು. ಹೊರದೇಶದವರು ಆಗಾಗ ಅಂಗಡಿಯ ವಿಳಾಸಕ್ಕೆ ವಿನಯದಿಂದ ಮೇಲ್ ಬರೆದು, ಕನ್ನಡದ ಆ ಸ್ವಯಂಸೇವಕರು ಇನ್ನೂ ಯಾಕೆ ಸರಿಪಡಿಸಿಲ್ಲ, ಅವರ ಆರೋಗ್ಯ ಹೇಗಿದೆ ಎಂದು ನನ್ನನ್ನೇ ವಿಚಾರಿಸುತ್ತಾರೆ. ನಾನೂ ಅಷ್ಟೇ ವಿನಯದಿಂದ, ಪಾಪ, ಅವರು ಪ್ರಯತ್ನ ಮಾಡುತ್ತಿದ್ದಾರೆ ಎಂದು ಉತ್ತರಿಸುತ್ತೇನೆ.

ನಿಮ್ಮ ಮಾತನ್ನೂ ಯಾರಾದರೂ ಹೀಗೆ ತಟ್ಟನೆ ನಂಬಿ ನಿಮ್ಮನ್ನು ಗಾಬರಿ ಬೀಳಿಸಿದ್ದುಂಟೇ? ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ, ಒಬ್ಬನೇ ಅಲ್ಲ ಎಂಬ ಸಮಾಧಾನವಾದರೂ ಆಗಲಿ. ನನಗೆ ಬರೆಯಲು ಸಂಕೋಚವಾದರೆ ನೇರವಾಗಿ ಸಮುದಾಯಕ್ಕೇ ಬರೆಯಿರಿ. ಅದೂ ನನಗೇ ಬರುತ್ತದೆ.